ಕೈತೋಟಕ್ಕೂ ಒಂದು ಪೀರಿಯಡ್ ಕೊಡಿ

ಪ್ರಾಥಮಿಕ ಶಾಲೆಯ ಕೈತೋಟದ ಮಾತು ಬಂದರೆ ಎಲ್ಲರ ಮೊದಲ ಪ್ರಶ್ನೆ, 'ಎಷ್ಟು ತರಕಾರಿ ಬರುತ್ತದೆ?' ಲೆಕ್ಕ ಹಾಕಿಯೇ ನೋಡೋಣ. ಬಿಸಿಯೂಟದ ನಿಯಮದಂತೆ ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ ಸಿಗಬೇಕು. ಆರರಿಂದ ಎಂಟನೇ ತರಗತಿಯವರಿಗೆ 75 ಗ್ರಾಂ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ 60 ಮಕ್ಕಳಿದ್ದಾರೆ ಎಂದಿಟ್ಟುಕೊಳ್ಳಿ. ದಿನಕ್ಕೆ 3 ಕಿಲೋ ಬೇಕು. 220 ಶಾಲಾ ದಿನಗಳೆಂದು ಹಿಡಿದರೆ ವರ್ಷಕ್ಕೆ 660 ಕಿಲೋ. ಶಾಲೆಯ ಹಿಂದೆ ಅರ್ಧ ಗುಂಟೆ ಜಾಗವಿದೆ, ಅಂದರೆ ಐನೂರು ಚದರಡಿಗಿಂತ ತುಸು ಹೆಚ್ಚು. ಓಡಾಡಲು ದಾರಿ ಬಿಟ್ಟು, ಉಳಿದುದರಲ್ಲಿ ಎರಡು ಹಂಗಾಮು ಚೆನ್ನಾಗಿ ಬೆಳೆದರೂ ನೂರೋ ನೂರೈವತ್ತೋ ಕಿಲೋ ಬಂದರೆ ಅದೇ ಹೆಚ್ಚು. ಮಂಗ, ದನ, ಅತಿಮಳೆಯ ಪಾಲು ಕಳೆದರೆ ಇನ್ನೂ ಕಡಿಮೆ.

ಅಂದಮೇಲೆ ಬಿಸಿಯೂಟದ ಪಾತ್ರೆ ತುಂಬಿಸುವುದೇ ಗುರಿಯಾದರೆ ಸಂತೆಗೆ ಹೋಗುವುದೇ ಸಲೀಸು. ಬೆಳಗಾವಿ ಸುತ್ತಲಿನ ರೈತರು ಗೋವಾಕ್ಕೂ ತರಕಾರಿ ಕಳಿಸುವವರು. ಇಲ್ಲಿ ಕಾಯಿಪಲ್ಲೆಗೆ ಬರವಿಲ್ಲ. ಶಾಲೆಯ ಮಡಿಗಳಿಂದ ಸಿಗಬೇಕಾದ ಬೆಳೆಯೇ ಬೇರೆ. ಅಳತೆ, ತೂಕ, ಶೇಕಡಾವಾರು, ಮಣ್ಣು, ಮಳೆ, ಕೀಟ, ತಾಳ್ಮೆ ಇವೆಲ್ಲ ಪುಸ್ತಕದಲ್ಲಿ ಬೇರೆ ಬೇರೆ ಪಾಠಗಳು. ಮಡಿಯಲ್ಲಿ ಅವು ಒಟ್ಟಿಗೇ ಎದುರಾಗುತ್ತವೆ. ಆದರೆ ನಮ್ಮ ಯೋಜನೆಗಳು ಕೈತೋಟವನ್ನು ಅಡುಗೆಮನೆಯ ಪಕ್ಕಕ್ಕೆ ಇಟ್ಟವೇ ಹೊರತು ವೇಳಾಪಟ್ಟಿಯೊಳಗೆ ತರಲಿಲ್ಲ.

ಯೋಜನೆಗೇನೂ ಕೊರತೆಯಿಲ್ಲ. ಮಧ್ಯಾಹ್ನದ ಊಟದ ಯೋಜನೆಯಡಿ 'ಶಾಲಾ ಪೌಷ್ಟಿಕ ಕೈತೋಟ' ಮಾಡಿಕೊಳ್ಳಲು ಕೇಂದ್ರ ಸರ್ಕಾರ 2019ರಲ್ಲಿ ಮಾರ್ಗಸೂಚಿ ಹೊರಡಿಸಿತು. ಶಾಲೆಯೊಂದಕ್ಕೆ 5,000 ರೂಪಾಯಿವರೆಗೆ ನೆರವು ಎಂದಿತು. ಜಾಗವಿಲ್ಲದ ಕಡೆ ತಾರಸಿ, ಕುಂಡ, ಡಬ್ಬಿ, ಚೀಲಗಳಲ್ಲೂ ಬೆಳೆಯಬಹುದೆಂದು ಹೇಳಿತು. 2021ರಲ್ಲಿ ಆ ಯೋಜನೆ ಪಿಎಂ ಪೋಷಣ್ ಎಂಬ ಹೆಸರು ಪಡೆದಾಗಲೂ ಕೈತೋಟ ಉಳಿಯಿತು. ನಮ್ಮಲ್ಲಿ ಅಕ್ಷರ ದಾಸೋಹವಿದೆ, ಇಕೋ ಕ್ಲಬ್ ಇದೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಇದೆ. ಇಷ್ಟೆಲ್ಲ ಇದ್ದೂ ಹಲವು ಕಡೆ ಕೈತೋಟವೆಂದರೆ ಪರಿಸರ ದಿನದಂದು ನೆಟ್ಟ ನಾಲ್ಕು ಸಸಿ, ವರದಿಗೆ ಅಂಟಿಸಿದ ಒಂದು ಫೋಟೋ. ಉತ್ಸಾಹಿ ಮಾಸ್ತರರೊಬ್ಬರು ಇರುವಷ್ಟು ದಿನ ತೋಟ ಹಸಿರು. ಅವರಿಗೆ ವರ್ಗವಾದರೆ ಮರುವರ್ಷ ಅಲ್ಲಿ ಕಾಂಗ್ರೆಸ್ ಕಸ ಆಳೆತ್ತರ.

ಹುದಲಿಯಿಂದ ವಾರ್ಧಾಕ್ಕೆ

ದುಡಿಮೆಯ ಮೂಲಕ ಕಲಿಕೆ ಎಂಬುದು ಬೆಳಗಾವಿಗೆ ಹೊಸ ಮಾತಲ್ಲ. 1924ರ ಡಿಸೆಂಬರ್‌ನಲ್ಲಿ ಇಲ್ಲಿ ನಡೆದ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿ ಅಧ್ಯಕ್ಷರಾಗಿದ್ದು ಎಲ್ಲರಿಗೂ ಗೊತ್ತು. 1937ರ ಏಪ್ರಿಲ್‌ನಲ್ಲಿ ಅವರು ಮತ್ತೆ ಈ ಸೀಮೆಗೆ ಬಂದರು. ಗಂಗಾಧರರಾವ್ ದೇಶಪಾಂಡೆಯವರು ಖಾದಿ ಕೆಲಸ ಕಟ್ಟಿದ್ದ ಹುದಲಿಯಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನ ನಡೆಯಿತು. ಅದೇ ವರ್ಷದ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿ ತಮ್ಮ 'ನಯೀ ತಾಲೀಮ್' ಯೋಜನೆಯನ್ನು ಮುಂದಿಟ್ಟರು. ಜಾಕಿರ್ ಹುಸೇನ್ ಸಮಿತಿ ಅದಕ್ಕೆ ಪಠ್ಯಕ್ರಮದ ರೂಪ ಕೊಟ್ಟಿತು. ನೂಲುವುದು, ಬೇಸಾಯ, ಬಡಗಿ ಕೆಲಸ ಇವನ್ನು ಬಿಡುವಿನ ವೇಳೆಯ ಚಟುವಟಿಕೆ ಮಾಡದೆ, ಅವುಗಳ ಮೂಲಕವೇ ಗಣಿತ, ವಿಜ್ಞಾನ, ಭಾಷೆ ಕಲಿಸಬೇಕೆಂಬುದು ಅದರ ತಿರುಳು.

ಮಕ್ಕಳು ಮಾಡಿದ ವಸ್ತು ಮಾರಿ ಶಾಲೆಯ ಖರ್ಚು ತೂಗಿಸಬೇಕು ಎಂಬ ಇನ್ನೊಂದು ಎಳೆಯೂ ಅದರಲ್ಲಿತ್ತು. ಅರ್ಥಶಾಸ್ತ್ರಜ್ಞ ಕೆ.ಟಿ. ಶಾ ವಾರ್ಧಾ ಸಮ್ಮೇಳನದಲ್ಲೇ ಇದನ್ನು ಆಕ್ಷೇಪಿಸಿದರು. ಆ ಆಕ್ಷೇಪ ಇಂದಿಗೂ ನೆನಪಿನಲ್ಲಿರಬೇಕಾದದ್ದು. ಉತ್ಪನ್ನವೇ ಅಳತೆಗೋಲಾದ ಕ್ಷಣ ಕಲಿಯುವ ಮಗು ಆಳಾಗುತ್ತದೆ. ಸ್ವಾತಂತ್ರ್ಯಾನಂತರ ನಯೀ ತಾಲೀಮಿನ ಮೂಲಶಿಕ್ಷಣ ಶಾಲೆಗಳು ಬಹುಪಾಲು ಸೊರಗಿದವು. ಅವು ಬಿಟ್ಟುಹೋದ ಎರಡೂ ಪಾಠ ಇಂದಿನ ಶಾಲಾ ಕೈತೋಟಕ್ಕೆ ಬೇಕು. ಕೆಲಸದಿಂದ ಕಲಿಸಿ ಎಂಬುದು ಒಂದು, ಕೆಲಸದಿಂದ ಗಳಿಸಲು ಹೋಗಬೇಡಿ ಎಂಬುದು ಇನ್ನೊಂದು.

ಹೊರದೇಶಗಳಲ್ಲೂ ಶಾಲಾ ಕೈತೋಟಕ್ಕೆ ದೀರ್ಘ ಇತಿಹಾಸವಿದೆ. ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ ಹತ್ತೊಂಬತ್ತನೇ ಶತಮಾನದಲ್ಲಿ ತನ್ನ ಶಿಶುಶಾಲೆಯ ಪ್ರತಿ ಮಗುವಿಗೂ ಸ್ವಂತದ್ದೊಂದು ಪುಟ್ಟ ಮಡಿ, ಜತೆಗೆ ಎಲ್ಲರಿಗೂ ಸೇರಿದ ಮಡಿ ಇರಬೇಕೆಂದ. ಬ್ರಿಟನ್ನಿನಲ್ಲಿ ಜಮೀನಿಲ್ಲದವರಿಗೆ ಸ್ಥಳೀಯ ಆಡಳಿತ ಸಣ್ಣ ತುಂಡು ನೆಲವನ್ನು ಅಲ್ಪ ಬಾಡಿಗೆಗೆ ಕೊಡುವ ಪದ್ಧತಿಯಿದೆ. 1908ರ ಕಾಯ್ದೆ ಅದಕ್ಕೆ ಭದ್ರ ಬುನಾದಿ ಹಾಕಿತು. ಒಂದು ತುಂಡೆಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಎರಡೂವರೆ ಗುಂಟೆ. ಅಂಗಳವಿಲ್ಲದ ಪ್ರಾಥಮಿಕ ಶಾಲೆಗಳೂ ಇಂಥ ತುಂಡು ಪಡೆದು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತವೆ.

ಅದರಿಂದ ಏನು ಸಾಧನೆಯಾಯಿತು ಎಂದು ಅಲ್ಲಿಯವರು ಅಳೆದೂ ನೋಡಿದ್ದಾರೆ. ಲಂಡನ್ನಿನ ಪ್ರಾಥಮಿಕ ಶಾಲೆಗಳನ್ನು ಆಧರಿಸಿ ಲೀಡ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೀ ತೋಟ ಮಾಡಿದ್ದರಿಂದ ಮಕ್ಕಳು ಹಣ್ಣು–ತರಕಾರಿ ಹೆಚ್ಚು ತಿನ್ನತೊಡಗಿದರು ಎನ್ನಲು ಬಲವಾದ ಆಧಾರ ಕಾಣಲಿಲ್ಲ. ಆದರೆ ತೋಟದ ಕೆಲಸವನ್ನು ಶಾಲೆಯ ಬದುಕಿನೊಳಗೆ ಆಳವಾಗಿ ತಂದುಕೊಂಡ ಕಡೆ ಫಲಿತಾಂಶ ಉತ್ತಮವಾಗಿತ್ತು. ಸಸಿ ನೆಟ್ಟು ಕೈತೊಳೆದುಕೊಂಡರೆ ಏನೂ ಆಗದು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ.

ಹದಿನೆಂಟು ಅಡಿ ಹಗ್ಗ

ವೇಳಾಪಟ್ಟಿಯೊಳಗೆ ತರುವುದು ಎಂದರೇನು ಎಂಬುದಕ್ಕೆ ಒಂದೇ ಒಂದು ಮೆಂತೆಪಲ್ಲೆ ಮಡಿಯನ್ನು ಹತ್ತಿರದಿಂದ ನೋಡೋಣ.

ನಾಲ್ಕನೇ, ಐದನೇ ತರಗತಿಯ ಮಕ್ಕಳ ಕೈಗೆ ಹದಿನೆಂಟು ಅಡಿ ಹಗ್ಗ, ನಾಲ್ಕು ಗೂಟ ಕೊಡಿ. ಆ ಹಗ್ಗ ಪೂರ್ತಿ ಸುತ್ತುವಂತೆ ಆಯತಾಕಾರದ ಮಡಿ ಗುರುತಿಸಲು ಹೇಳಿ. ಒಂದು ಗುಂಪು ಏಳು ಅಡಿ ಉದ್ದ, ಎರಡು ಅಡಿ ಅಗಲ ಮಾಡುತ್ತದೆ. ಇನ್ನೊಂದು ಆರಕ್ಕೆ ಮೂರು. ಮತ್ತೊಂದು ಐದಕ್ಕೆ ನಾಲ್ಕು. ಮೂರಕ್ಕೂ ಸುತ್ತಳತೆ ಒಂದೇ. ವಿಸ್ತೀರ್ಣ ಮಾತ್ರ 14, 18, 20 ಚದರಡಿ. ಬೇಲಿಗೆ ಬೇಕಾದ ತಂತಿ ಅಷ್ಟೇ, ಪಲ್ಲೆ ಮಾತ್ರ ಹೆಚ್ಚು ಕಡಿಮೆ. ಸುತ್ತಳತೆಗೂ ವಿಸ್ತೀರ್ಣಕ್ಕೂ ಇರುವ ವ್ಯತ್ಯಾಸವನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬಿಡಿಸಿದರೂ ಗೊಂದಲ ಮಾಡಿಕೊಳ್ಳುವ ಮಗು ಇಲ್ಲಿ ಅದನ್ನು ಕಾಲಲ್ಲಿ ಸುತ್ತಿ ತಿಳಿಯುತ್ತದೆ. 'ಹಂಗಾದ್ರ ಐದಕ್ಕ ನಾಲ್ಕೇ ಮಾಡೂಣು ಸರ್' ಎಂದರೆ, ಮಾಸ್ತರರು ಮಡಿಯ ಪಕ್ಕ ಕೂತು ನಡುವಿನವರೆಗೆ ಕೈ ಚಾಚಲು ಹೇಳಬೇಕು. ನಾಲ್ಕು ಅಡಿ ಅಗಲವಾದರೆ ಸಣ್ಣವರ ಕೈ ಎಟುಕುವುದಿಲ್ಲ, ಕಸ ಕೀಳಲು ಮಡಿಯೊಳಗೇ ಕಾಲಿಡಬೇಕಾಗುತ್ತದೆ, ಮಣ್ಣು ಗಟ್ಟಿಯಾಗುತ್ತದೆ. ಕೊನೆಗೆ ಆರಕ್ಕೆ ಮೂರು ಗೆಲ್ಲುತ್ತದೆ. ಲೆಕ್ಕದಲ್ಲಿ ಸರಿಯಾದದ್ದು ಕೆಲಸದಲ್ಲಿ ಯಾವಾಗಲೂ ಸರಿಯಾಗದು ಎಂಬ ಪಾಠ ಬಿಟ್ಟಿ ಸಿಕ್ಕಿತು.

ಬಿತ್ತುವ ಮುನ್ನ ನೂರು ಮೆಂತೆಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಮೂರ್ನಾಲ್ಕು ದಿನಕ್ಕೆ ಬಿಚ್ಚಿ ಮೊಳಕೆ ಎಣಿಸಿದರೆ ಶೇಕಡಾವಾರು ಅಂದರೇನೆಂದು ಬೇರೆ ಹೇಳಬೇಕಿಲ್ಲ. ಎರಡು ಮಡಿ ಮಾಡಿ, ಒಂದಕ್ಕೆ ತಿಪ್ಪೆಗೊಬ್ಬರ ಹಾಕಿ, ಇನ್ನೊಂದಕ್ಕೆ ಹಾಕಬೇಡಿ. ಬೀಜ, ನೀರು, ಬಿಸಿಲು ಎಲ್ಲ ಒಂದೇ ಇರಲಿ. ಪ್ರತಿ ಸೋಮವಾರ ಸ್ಕೇಲು ಹಿಡಿದು ಎತ್ತರ ಅಳೆದು ಗೋಡೆಯ ಮೇಲೆ ಸ್ತಂಭನಕ್ಷೆ ಬರೆಯಲಿ. ಒಂದೇ ಒಂದು ಅಂಶ ಬದಲಿಸಿ ಉಳಿದುದನ್ನು ಹಾಗೇ ಇಡುವುದು ವಿಜ್ಞಾನದ ಮೂಲ ವಿಧಾನ; ಅದನ್ನು ಕಲಿಯಲು ಪ್ರಯೋಗಾಲಯ ಬೇಕಿಲ್ಲ. ಇಪ್ಪತ್ತೈದು ಮೂವತ್ತು ದಿನಕ್ಕೆ ಮೆಂತೆ ಕೊಯ್ಲಿಗೆ ಬರುತ್ತದೆ. ಎರಡೂ ಮಡಿಯ ಸೊಪ್ಪನ್ನು ಬೇರೆ ಬೇರೆ ತೂಗಲಿ. ಒಂದು ವೇಳೆ ಗೊಬ್ಬರ ಹಾಕದ ಮಡಿಯೇ ಚೆನ್ನಾಗಿ ಬಂದರೆ? ಆಗ ಇನ್ನೂ ಒಳ್ಳೆಯದು. ಯಾಕೆ ಎಂದು ಹುಡುಕುವ ಕೆಲಸ ಶುರು.

ಇದಕ್ಕೆ ಹೊಸ ಬೋಧನಾ ಕ್ರಮವನ್ನೇನೂ ಕಲಿಯಬೇಕಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ 2009ರ ಹೊತ್ತಿಗೆ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಬಂದಿತು. ಬೇರೆ ಬೇರೆ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿ, ಗುಂಪು ಮಾಡಿ, ಒಬ್ಬರಿಂದೊಬ್ಬರು ಕಲಿಯುವಂತೆ ಮಾಡುವುದು ನಮ್ಮ ಶಿಕ್ಷಕರಿಗೆ ರೂಢಿ. ಖಾನಾಪುರದ ಕಾಡಂಚಿನ ಊರುಗಳಲ್ಲಿ ಒಬ್ಬರೋ ಇಬ್ಬರೋ ಶಿಕ್ಷಕರಿರುವ ಸಣ್ಣ ಶಾಲೆಗಳಿಗೆ ಈ ರೂಢಿಯೇ ಬಲ. ಒಂದನೇ ತರಗತಿಯವರು ಕಾಳು ಎಣಿಸಲಿ, ಮೂರನೆಯವರು ಅಳೆಯಲಿ, ಐದನೆಯವರು ದಾಖಲೆ ಬರೆಯಲಿ. ಮಡಿಯೊಂದೇ, ಪಾಠ ಮೂರು.

ಮಳೆ ಹೆಚ್ಚಾದಲ್ಲಿ, ನೆಲ ಕಡಿಮೆಯಾದಲ್ಲಿ

ಬೆಳಗಾವಿಯಿಂದ ಖಾನಾಪುರ ಇಪ್ಪತ್ತೈದು ಕಿಲೋಮೀಟರ್ ಆಸುಪಾಸು. ಆದರೆ ಎರಡೂ ಕಡೆ ಒಂದೇ ಸುತ್ತೋಲೆಯ ಕೈತೋಟ ನಡೆಯದು.

ಖಾನಾಪುರದ ಶಾಲೆಗಳಿಗೆ ನೆಲವಿದೆ, ತೊಂದರೆ ಮಳೆಯದ್ದು. ಜಾಂಬೋಟಿ, ಕಣಕುಂಬಿ ಕಡೆ ಜುಲೈಯಲ್ಲಿ ಸಮತಟ್ಟಾದ ಮಡಿ ಮಾಡಿದರೆ ಬೀಜ ಕೊಳೆಯುತ್ತದೆ, ಇಲ್ಲವೇ ಕೊಚ್ಚಿಹೋಗುತ್ತದೆ. ಮಡಿಯನ್ನು ಅಡಿಯೆತ್ತರ ಏರಿಸಿ, ಸುತ್ತ ಕಾಲುವೆ ತೆಗೆಯಬೇಕು. ಜೂನ್‌ನಲ್ಲಿ ಅರಿಶಿನ, ಶುಂಠಿ, ಕೆಸು, ಗೆಣಸಿನ ಬಳ್ಳಿ ಹಾಕಿ, ಸೊಪ್ಪು ಮೂಲಂಗಿಗಳನ್ನು ದಸರೆ ರಜೆ ಮುಗಿದ ಮೇಲೆ ಬಿತ್ತುವುದು ಜಾಣತನ. ಮಂಗಗಳಿಗೆ ಮೆಣಸಿನಕಾಯಿ, ಅರಿಶಿನ, ಶುಂಠಿಗಳ ಮೇಲೆ ಅಷ್ಟು ಆಸೆಯಿಲ್ಲ ಎಂಬುದೂ ಲೆಕ್ಕಕ್ಕಿರಲಿ.

ಆ ಮಳೆಯನ್ನೇ ಪಾಠ ಮಾಡಿಕೊಳ್ಳಬಹುದು. ನೇರ ಬದಿಯ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ತಲೆಕೆಳಗಾಗಿ ಕೂರಿಸಿದರೆ ಮಳೆಮಾಪಕ ಸಿದ್ಧ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನೂರು ಮಿಲಿಮೀಟರ್ ಸುರಿದ ದಿನ ಒಂದು ಚದರ ಮೀಟರ್ ಮಡಿಯ ಮೇಲೆ ನೂರು ಲೀಟರ್, ಅಂದರೆ ಹತ್ತು ಲೀಟರಿನ ಹತ್ತು ಕೊಡ. ಕಾಲುವೆ ಯಾಕೆ ಬೇಕೆಂದು ಮಕ್ಕಳೇ ಹೇಳುತ್ತಾರೆ. ಕಣಕುಂಬಿ, ಖಾನಾಪುರ, ಬೆಳಗಾವಿ, ಸವದತ್ತಿಯ ನಾಲ್ಕು ಶಾಲೆಗಳು ಒಂದೇ ದಿನದ ಅಳತೆಯನ್ನು ಫೋನಿನಲ್ಲಿ ಹಂಚಿಕೊಂಡರೆ, ಘಟ್ಟದಿಂದ ಪೂರ್ವಕ್ಕೆ ಸರಿದಂತೆ ಮಳೆ ಇಳಿಯುವುದು ಅಂಕಿಯಲ್ಲಿ ಕಾಣುತ್ತದೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯೇ ಸವದತ್ತಿಯ ನವಿಲುತೀರ್ಥ ಅಣೆಕಟ್ಟೆಯಲ್ಲಿ ನಿಲ್ಲುತ್ತದೆ. ಒಂದೂರಿನ ಮಳೆ ಇನ್ನೊಂದೂರಿನ ನೀರು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಭೂಗೋಳದ ಪುಟ ಯಾವುದಿದೆ?

ಗೆಣಸು ಈ ಭಾಗದ್ದೇ ಬೆಳೆ. ಬೆಳಗಾವಿ ಮಾರುಕಟ್ಟೆಯಿಂದ ಉತ್ತರ ಭಾರತಕ್ಕೆ ಹೋಗುತ್ತದೆ. ಶಾಲೆಗೂ ಅದು ಹೇಳಿ ಮಾಡಿಸಿದ್ದು. ಬೀಜ ಬೇಡ, ಬಳ್ಳಿಯ ತುಂಡು ಸಾಕು. ಗಿಡ ಬೀಜದಿಂದ ಮಾತ್ರ ಹುಟ್ಟುತ್ತದೆ ಎಂಬ ನಂಬಿಕೆ ಅಲ್ಲಿಗೆ ಮುರಿಯಿತು. ಮಳೆ ಹಿಡಿದಾಗ ನೆಟ್ಟರೆ ನಾಲ್ಕು ತಿಂಗಳಿಗೆ ಕೀಳಬಹುದು. ಕೀಳುವ ಮುನ್ನ ಪ್ರತಿ ಮಗುವೂ ತನ್ನ ಬಳ್ಳಿಯಡಿ ಎಷ್ಟು ಗೆಡ್ಡೆ ಇದ್ದೀತು ಎಂದು ಅಂದಾಜು ಬರೆದಿಡಲಿ. ಆಮೇಲೆ ಅಗೆದು, ಎಣಿಸಿ, ತೂಗಿ, ಸರಾಸರಿ ತೆಗೆಯಲಿ. ಎಲೆ ಹುಲುಸಾಗಿದ್ದ ಬಳ್ಳಿಯಡಿ ಬೆರಳು ಗಾತ್ರದ ಎರಡೇ ಗೆಡ್ಡೆ ಸಿಕ್ಕಾಗ ಆಗುವ ನಿರಾಸೆ, ಬಡಕಲು ಬಳ್ಳಿಯಡಿ ಅಂಗೈಯಗಲದ ಗೆಣಸು ಸಿಕ್ಕಾಗ ಏಳುವ ಕೇಕೆ ಎರಡೂ ಪಾಠವೇ. ಅಂದಾಜಿಗೂ ಅಳತೆಗೂ ಇರುವ ಅಂತರ ಆ ಹೊತ್ತು ಕೈಯಲ್ಲೇ ಇರುತ್ತದೆ. ಕುದಿಸಿದ ಗೆಣಸು ಎಲ್ಲರಿಗೂ ಒಂದೊಂದು ಚೂರು ಬಂದರೂ ಸಾಕು, ಹಬ್ಬ.

ನಗರದ ತೊಂದರೆ ತಿರುಗುಮುರುಗು. ಬೆಳಗಾವಿಯ ಹಳೆಯ ಗಲ್ಲಿಗಳ ಶಾಲೆಗಳಿಗೆ ಪ್ರಾರ್ಥನೆಗೆ ನಿಲ್ಲಲೇ ಜಾಗ ಸಾಲದು. ಇರುವ ಅಂಗಳಕ್ಕೂ ಪೇವರ್ ಹಾಸಿಯಾಗಿದೆ. ಇಲ್ಲಿ ಕುಂಡ, ಚೀಲ, ಒಡೆದ ಬಕೆಟ್ಟುಗಳೇ ಗತಿ. ಮಣ್ಣಿನ ಕುಂಡ ಬೇಕಾದರೆ ದೂರ ಹೋಗಬೇಕಿಲ್ಲ. ಖಾನಾಪುರದ ಕೆಂಪು ಮಣ್ಣು ಹೆಂಚು, ಮಡಕೆಗಳಿಗೆ ಹೆಸರಾದದ್ದು, ಖಾದಿ ಆಯೋಗದ ಗ್ರಾಮೀಣ ಕುಂಬಾರಿಕೆ ಸಂಸ್ಥೆಯೇ ಅಲ್ಲಿದೆ. ಗಾಜಿನ ಬಾಟಲಿಯಲ್ಲಿ ಖಾನಾಪುರದ ಕೆಂಪು ಮಣ್ಣನ್ನೂ ವಡಗಾವಿ ಕಡೆಯ ಕಪ್ಪು ಮಣ್ಣನ್ನೂ ನೀರಿನೊಂದಿಗೆ ಕುಲುಕಿ ರಾತ್ರಿಯಿಡೀ ಬಿಟ್ಟರೆ, ಮರಳು ತಳದಲ್ಲಿ, ಜೇಡಿ ಮೇಲೆ, ಪದರ ಪದರವಾಗಿ ಕೂರುತ್ತದೆ. ಯಾವ ಮಣ್ಣಲ್ಲಿ ಏನು ಬೆಳೆಯುತ್ತದೆ ಎಂಬ ಮಾತು ಅಲ್ಲಿಂದ ಮುಂದುವರಿಯಲಿ. ಇನ್ನು ನೀರು. ಊಟದ ತಟ್ಟೆ ತೊಳೆದ, ಕೈ ತೊಳೆದ ನೀರನ್ನು ಚರಂಡಿಗೆ ಬಿಡುವ ಬದಲು ಬಾಳೆ, ಪಪ್ಪಾಯಿ ಬುಡಕ್ಕೆ ತಿರುಗಿಸಿದರೆ ನಳದ ಮೇಲೆ ಭಾರವಿಲ್ಲ.

ಆದರೆ ಕುಂಡದಲ್ಲಿ ನೋಡುವುದಕ್ಕೂ ನೆಲದಲ್ಲಿ ದುಡಿಯುವುದಕ್ಕೂ ಅಂತರವಿದೆ. ಅದಕ್ಕೇ ಬ್ರಿಟನ್ನಿನಂಥ ಬಾಡಿಗೆ ತುಂಡಿನ ವ್ಯವಸ್ಥೆ ನಗರಕ್ಕೆ ಬೇಕು. ಬಡಾವಣೆಗಳಲ್ಲಿ ಪಾಲಿಕೆಗೆ ಸೇರಿದ ಖಾಲಿ ಜಾಗಗಳಿವೆ, ಉದ್ಯಾನಗಳ ಬಳಸದ ಮೂಲೆಗಳಿವೆ. ನಡೆದು ಹೋಗುವ ದೂರದಲ್ಲಿರುವ ಒಂದು ಗುಂಟೆಯನ್ನು ಎರಡು ಮೂರು ಶಾಲೆಗಳಿಗೆ ಸೇರಿಸಿ ವರ್ಷಕ್ಕೆ ಒಂದು ರೂಪಾಯಿಗೆ ಕೊಟ್ಟರೆ ಪಾಲಿಕೆಗೆ ನಷ್ಟವೇನು? ಕನ್ನಡ, ಮರಾಠಿ, ಉರ್ದು ಮಾಧ್ಯಮದ ಮಕ್ಕಳು ಒಂದೇ ಊರಲ್ಲಿದ್ದೂ ಬೇರೆ ಬೇರೆ ಗೋಡೆಗಳೊಳಗೆ ಓದುತ್ತಾರೆ. ಅಕ್ಕಪಕ್ಕದ ಮಡಿಯಲ್ಲಿ ಕುರ್ಪಿ ಹಿಡಿದರೆ ಒಬ್ಬರ ಮಾತು ಇನ್ನೊಬ್ಬರಿಗೆ ತಾನಾಗಿ ಬರುತ್ತದೆ.

ಪಾಲಕರ ಆಕ್ಷೇಪ

'ಹೊಲದಾಗ ದುಡಿಯೂದು ನಮಗ ಸಾಕಾಗೇತಿ, ಮಕ್ಕಳಾದ್ರೂ ಓದಲಿ ಅಂತ ಸಾಲಿಗೆ ಕಳಿಸೀವಿ. ಅಲ್ಲೂ ಕಸಾ ತಗಸ್ತೀರೇನು?' ಎಂದು ತಾಯಿ ಕೇಳಿದರೆ ಅದು ಅಜ್ಞಾನದ ಮಾತಲ್ಲ. 2023ರ ಕೊನೆಯಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲಗುಂಡಿಗೆ ಇಳಿಸಿದ ಸುದ್ದಿ ನಾಡನ್ನೇ ತಲೆ ತಗ್ಗಿಸುವಂತೆ ಮಾಡಿತ್ತು. ಯಾರ ಮಕ್ಕಳಿಗೆ ಯಾವ ಕೆಲಸ ಎಂಬುದು ಜಾತಿಯ ಮೇಲೆ ನಿಂತ ನೆಲದಲ್ಲಿ, ಶಾಲೆಯ ಗುದ್ದಲಿಗೆ ನಿಯಮ ಬೇಕೇ ಬೇಕು.

ನಿಯಮಗಳು ಕಷ್ಟದವೇನಲ್ಲ. ಎಲ್ಲ ಮಕ್ಕಳೂ ಮಾಡಬೇಕು, ಹುಡುಗ ಹುಡುಗಿ ಎಂಬ ಹಂಚಿಕೆ ಕೂಡದು. ಮಾಸ್ತರರೂ ಅಕ್ಕೋರೂ ಜತೆಗೆ ಮಣ್ಣು ಮುಟ್ಟಬೇಕು; ಕುರ್ಚಿ ಹಾಕಿಕೊಂಡು ಮೇಲ್ವಿಚಾರಣೆ ಮಾಡುವಂತಿಲ್ಲ. ತೋಟದ ಕೆಲಸ ಎಂದೂ ಶಿಕ್ಷೆಯಾಗಬಾರದು. ತಡವಾಗಿ ಬಂದವನಿಗೆ ನೀರು ಹೊರುವ ಕೆಲಸ ಕೊಟ್ಟ ದಿನ ತೋಟ ಸತ್ತಂತೆ. ಕೀಟನಾಶಕ ಶಾಲೆಯ ಆವರಣಕ್ಕೇ ಬರಬಾರದು. ನೆಲ ಅಗೆಯುವ, ಬೇಲಿ ಕಟ್ಟುವ ಭಾರದ ಕೆಲಸ ಎಸ್‌ಡಿಎಂಸಿ ಮತ್ತು ಪಂಚಾಯಿತಿಯದ್ದು. ಮಗು ಮಣ್ಣಿಗಿಳಿದ ಪ್ರತಿ ಸಲವೂ ಅದರ ಪುಸ್ತಕದಲ್ಲಿ ಒಂದು ಅಳತೆ, ಒಂದು ಚಿತ್ರ ಅಥವಾ ಎರಡು ಸಾಲು ಬರಹ ಇರಬೇಕು. ಬರೆಯಲು ಏನೂ ಇಲ್ಲದ ಕೆಲಸವಾದರೆ ಅದು ಮಗುವಿನ ಕೆಲಸವಲ್ಲ.

ಅದೇ ತಾಯಿಯನ್ನು ಶಾಲೆಗೆ ಕರೆದು ಬೀಜ ಕಾಪಿಡುವುದನ್ನು ಹೇಳಿಕೊಡಿ ಎಂದರೆ ಆಕ್ಷೇಪದ ಅರ್ಧ ಅಲ್ಲೇ ಕರಗುತ್ತದೆ. ಬೂದಿಯಲ್ಲಿ ಹೊರಳಿಸಿ ಬೀಜ ಇಡುವುದು, ಹುಣ್ಣಿಮೆ ಅಮಾವಾಸ್ಯೆ ನೋಡಿ ಬಿತ್ತುವುದು, ಕಿರಕಸಾಲಿ ಪಲ್ಲೆಗೂ ಕಸಕ್ಕೂ ಫರಕು ಹೇಳುವುದು ಯಾವ ಡಿ.ಎಡ್‌ ತರಗತಿಯಲ್ಲೂ ಕಲಿಸದ ವಿದ್ಯೆ. ಅದರಲ್ಲಿ ಯಾವುದು ಪರೀಕ್ಷೆಗೆ ನಿಲ್ಲುತ್ತದೆ, ಯಾವುದು ಬರೀ ನಂಬಿಕೆ ಎಂಬುದನ್ನು ಮಕ್ಕಳು ಎರಡು ಮಡಿ ಮಾಡಿ ನೋಡಲಿ. ಬಿಸಿಯೂಟದ ಅಡುಗೆಯವರಲ್ಲೂ ಅನೇಕರು ರೈತ ಹೆಣ್ಣುಮಕ್ಕಳೇ. ತಮ್ಮ ತಿಳಿವಳಿಕೆಯನ್ನು ಶಾಲೆ ಪಾಠವೆಂದು ಒಪ್ಪಿದ್ದನ್ನು ಅವರು ಮೊದಲ ಸಲ ಕಾಣುತ್ತಾರೆ.

ಇನ್ನು ಬೇಸಿಗೆ ರಜೆ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ನೀರುಣಿಸುವವರಿಲ್ಲ. ತೋಟ ಒಣಗಿತೆಂದು ಗೋಳಾಡಬೇಕಿಲ್ಲ, ಒಣಗಲು ಬಿಡಬೇಕು. ಮಾರ್ಚಿನೊಳಗೆ ಕೊಯ್ಲು ಮುಗಿಸಿ, ಬೀಜ ತೆಗೆದಿಟ್ಟು, ಮಡಿಗಳಿಗೆ ಒಣ ಎಲೆ ಹೊದೆಸಿ ಹೋದರೆ ಮಣ್ಣಿಗೂ ರಜೆ. ನುಗ್ಗೆ, ಕರಿಬೇವು ತಮ್ಮ ಪಾಡಿಗೆ ಇರುತ್ತವೆ.

ಶಿಕ್ಷಣ ಇಲಾಖೆ ಮಾಡಬೇಕಾದದ್ದು ಸಣ್ಣದು. ವಾರಕ್ಕೆ ಎರಡು ಪೀರಿಯಡ್ ಕೈತೋಟಕ್ಕೆಂದು ವೇಳಾಪಟ್ಟಿಯಲ್ಲಿ ಬರೆಯಲಿ. ಆ ಕೆಲಸದ ದಾಖಲೆಯನ್ನು ಗಣಿತ ಮತ್ತು ಪರಿಸರ ಅಧ್ಯಯನದ ರೂಪಣಾತ್ಮಕ ಮೌಲ್ಯಮಾಪನಕ್ಕೆ ಪರಿಗಣಿಸಲಿ. ಕ್ಲಸ್ಟರ್ ಸಭೆಯಲ್ಲಿ 'ಎಷ್ಟು ಕಿಲೋ' ಎಂದು ಕೇಳುವುದನ್ನು ಬಿಟ್ಟು 'ಮಕ್ಕಳ ಪುಸ್ತಕ ತೋರಿಸಿ' ಎನ್ನಲಿ. ಸಲಹೆಗೆ ಬೈಲಹೊಂಗಲ ತಾಲೂಕಿನ ಮತ್ತಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಗೋಕಾಕ ಬಳಿಯ ಅರಭಾವಿಯಲ್ಲಿ ತೋಟಗಾರಿಕೆ ಮಹಾವಿದ್ಯಾಲಯವಿದೆ. ಬೆಳಗಾವಿ ಮಹಾನಗರ ಪಾಲಿಕೆ ತನ್ನ ಖಾಲಿ ಜಾಗಗಳಲ್ಲಿ ಮೊದಲ ವರ್ಷ ಹತ್ತು ಗುಂಟೆಯನ್ನಾದರೂ ಶಾಲೆಗಳಿಗೆ ಬಿಟ್ಟುಕೊಡಲಿ. ಡಿಸೆಂಬರಿನಲ್ಲಿ ಸುವರ್ಣ ವಿಧಾನಸೌಧಕ್ಕೆ ಬರುವ ಶಾಸಕರು ಒಂದು ಮುಂಜಾನೆ ಅಲ್ಲಿಗೆ ಹೋಗಿ ಮಕ್ಕಳನ್ನು ಪ್ರಶ್ನೆ ಕೇಳಲಿ. ಸದನದಲ್ಲಿ ಸಿಗುವುದಕ್ಕಿಂತ ನೇರ ಉತ್ತರ ಸಿಕ್ಕೀತು.

ಪಾಲಕರು ಜೂನ್‌ಗಾಗಿ ಕಾಯಬೇಕಿಲ್ಲ. ಮುಂದಿನ ಎಸ್‌ಡಿಎಂಸಿ ಸಭೆಗೆ ಹೋದಾಗ, ನಮ್ಮ ಮಗುವಿನ ತರಗತಿಗೆ ಯಾವ ಮಡಿ, ವಾರದಲ್ಲಿ ಯಾವ ದಿನ, ಎಂದು ಕೇಳಿ. ಕೇಳುವವರಿದ್ದರೆ ವೇಳಾಪಟ್ಟಿಯಲ್ಲಿ ಜಾಗ ತಾನಾಗಿ ಹುಟ್ಟುತ್ತದೆ.